ವಾಚನಾಲಯದ ಬಾಗಿಲು ತೆರೆಯುವ ಮೊದಲು ಕಿಟಕಿಯ ಮಾತು: ಚಿತ್ರದುರ್ಗದ ಓದುಗರ ಚರ್ಚೆ

ವಾಚನಾಲಯ ಸಮಿತಿ · ಜುಲೈ 20, 2021

ಎಲ್ಲರಿಗೂ ನಮಸ್ಕಾರ. ಹೊಳಲ್ಕೆರೆ ರಸ್ತೆ ಕಡೆಯ ನಮ್ಮ ವಾಚನಾಲಯಕ್ಕೆ ಕೊರೊನಾ ಎರಡನೇ ಅಲೆಯಿಂದಾಗಿ ಏಪ್ರಿಲ್ ಕೊನೆಯ ವಾರ ಹಾಕಿದ ಬೀಗ ಇನ್ನೂ ತೆಗೆದಿಲ್ಲ. ಚಿತ್ರಮಂದಿರಗಳಿಗೆ ಅರ್ಧದಷ್ಟು ಪ್ರೇಕ್ಷಕರನ್ನು ಬಿಡಲು ನಿನ್ನೆಯಿಂದ ಅನುಮತಿ ಸಿಕ್ಕಿದೆ, 26ರಿಂದ ಪದವಿ ಕಾಲೇಜುಗಳೂ ಶುರುವಾಗುತ್ತಿವೆ. ಆದ್ದರಿಂದ ಆಗಸ್ಟ್ ಮೊದಲ ವಾರ ನಾವೂ ತೆರೆಯೋಣ ಎಂದು ಸಮಿತಿ ಯೋಚಿಸಿದೆ.

ನಿಯಮಗಳ ಕರಡು ಹೀಗಿದೆ. ಬಾಗಿಲಲ್ಲಿ ಥರ್ಮಲ್ ಸ್ಕ್ಯಾನರ್ ಮತ್ತು ಸ್ಯಾನಿಟೈಸರ್ ಇರುತ್ತದೆ, ಮಾಸ್ಕ್ ಕಡ್ಡಾಯ. 48 ಕುರ್ಚಿಗಳ ಪೈಕಿ ಆರಡಿ ಅಂತರದಲ್ಲಿ 18 ಮಾತ್ರ ಉಳಿಯುತ್ತವೆ. ಎರಡು ಡೋಸ್ ಲಸಿಕೆಯ ಪ್ರಮಾಣಪತ್ರ ತೋರಿಸಿದವರಿಗೆ ಮಾತ್ರ ಪ್ರವೇಶ. 65 ದಾಟಿದವರಿಗೆ ಮತ್ತು ಹತ್ತು ವರ್ಷದೊಳಗಿನ ಮಕ್ಕಳಿಗೆ ಸದ್ಯಕ್ಕೆ ಪ್ರವೇಶವಿಲ್ಲ. ದಿನಪತ್ರಿಕೆ ವಿಭಾಗ ಮುಚ್ಚಿರುತ್ತದೆ. ಕಪಾಟುಗಳ ಬಳಿ ಯಾರೂ ಹೋಗುವಂತಿಲ್ಲ, ಚೀಟಿಯಲ್ಲಿ ಪುಸ್ತಕದ ಹೆಸರು ಬರೆದು ಕೊಟ್ಟರೆ ಸಹಾಯಕರು ತಂದುಕೊಡುತ್ತಾರೆ. ಹಿಂದಿರುಗಿಸಿದ ಪುಸ್ತಕ ಏಳು ದಿನ ಬೇರೆ ಕೋಣೆಯಲ್ಲಿರುತ್ತದೆ. ತೆರೆಯುವ ಮುನ್ನ ಒಳಗೆಲ್ಲ ಒಮ್ಮೆ ಔಷಧಿ ಸಿಂಪಡಿಸುವ ಆಲೋಚನೆಯೂ ಇದೆ.

ನಿಮ್ಮ ಸಲಹೆಗಳನ್ನು ತಿಳಿಸಿ. ಭಾನುವಾರ ಸಭೆ ಇದೆ.

ಎಸ್‌ಡಿಎ ಅಭ್ಯರ್ಥಿ · ಜುಲೈ 20

ಎರಡು ಡೋಸ್ ನಿಯಮ ಬರೆದವರು ಕ್ಯಾಲೆಂಡರ್ ನೋಡಿದಂತಿಲ್ಲ. 18ರಿಂದ 44ರ ವಯಸ್ಸಿನವರಿಗೆ ಲಸಿಕೆಗೆ ಅವಕಾಶ ಸಿಕ್ಕಿದ್ದೇ ಮೇ 1ಕ್ಕೆ. ಕೋವಿಶೀಲ್ಡ್‌ನ ಎರಡು ಡೋಸ್‌ಗಳ ನಡುವೆ 12ರಿಂದ 16 ವಾರಗಳ ಅಂತರ ಇರಬೇಕು ಎಂದು ಮೇ ತಿಂಗಳಲ್ಲೇ ಸರ್ಕಾರ ಹೇಳಿದೆ. ಮೊದಲ ದಿನವೇ ಸರದಿಯಲ್ಲಿ ನಿಂತು ಹಾಕಿಸಿಕೊಂಡವನಿಗೂ 12 ವಾರ ತುಂಬುವುದು ಜುಲೈ 24ಕ್ಕೆ. ನಮ್ಮಲ್ಲಿ ಹೆಚ್ಚಿನವರಿಗೆ ಮೊದಲ ಡೋಸ್ ಸಿಕ್ಕಿದ್ದು ಜೂನ್ ಕೊನೆಯಲ್ಲಿ.

ಅಂದರೆ 45ರ ಮೇಲಿನವರು ಬರಬಹುದು, 65 ದಾಟಿದವರು ಬರಬಾರದು, ಮಕ್ಕಳೂ ಬರಬಾರದು, ನನ್ನಂತೆ ಎಸ್‌ಡಿಎ, ಅಂದರೆ ದ್ವಿತೀಯ ದರ್ಜೆ ಸಹಾಯಕರ ಪರೀಕ್ಷೆಗೆ ಓದುವವರು ಪ್ರಮಾಣಪತ್ರವಿಲ್ಲದೆ ಹೊರಗೆ. ಉಳಿದವರು ಯಾರು? ಸಮಿತಿಯ ಸದಸ್ಯರು.

ನಮ್ಮ ಮನೆ ಹಿಟ್ಟಿನ ಗಿರಣಿಯ ಮೇಲಿದೆ. ಒಂದೇ ಕೋಣೆ, ನಾಲ್ವರು. ಬೆಳಿಗ್ಗೆ ಗಿರಣಿ ಶುರುವಾದರೆ ನೆಲವೇ ಅದುರುತ್ತದೆ. ವಾಚನಾಲಯವೆಂದರೆ ನನಗೆ ಪುಸ್ತಕಕ್ಕಿಂತ ಹೆಚ್ಚಾಗಿ ಒಂದು ಮೇಜು, ಒಂದು ಕುರ್ಚಿ.

ಹಳೆಯ ಗ್ರಂಥಪಾಲಕ · ಜುಲೈ 20

ಔಷಧಿ ಸಿಂಪಡಿಸುವ ಮಾತು ಓದಿ ಎದೆ ಝಲ್ಲೆಂದಿತು. ಆರೋಗ್ಯ ಇಲಾಖೆಯ ಸೂಚನೆಗಳಲ್ಲಿ ಹೇಳಿರುವ ಶೇ. 1ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ನೆಲಕ್ಕೆ, ಶೌಚಾಲಯಕ್ಕೆ, ಬಾಗಿಲ ಹಿಡಿಕೆಗೆ ಸರಿ. ಪುಸ್ತಕಕ್ಕೆ ಅದು ವಿಷ. ಕಾಗದ ಬಣ್ಣ ಕಳೆದುಕೊಂಡು ಪೆಡಸಾಗುತ್ತದೆ, ಹೊಲಿಗೆಯ ತಂತಿ ತುಕ್ಕು ಹಿಡಿಯುತ್ತದೆ, ಕಬ್ಬಿಣದ ರ‍್ಯಾಕುಗಳ ಗತಿಯೂ ಅದೇ. ಅದಕ್ಕಿಂತ ದೊಡ್ಡ ಅಪಾಯ ತೇವ. ಮಳೆಗಾಲದಲ್ಲಿ ಮುಚ್ಚಿದ ಕೋಣೆಯೊಳಗೆ ನೀರಿನಂಶ ತುಂಬಿಸಿ ಬಾಗಿಲು ಹಾಕಿದರೆ ಹದಿನೈದು ದಿನದಲ್ಲಿ ಬೂಸ್ಟು ಹಿಡಿಯುತ್ತದೆ.

ಸ್ಯಾನಿಟೈಸರ್ ಬಟ್ಟೆಗೆ ಹಾಕಿ ಹೊದಿಕೆ ಒರೆಸುವುದೂ ಬೇಡ. ಮದ್ಯಸಾರ ತಗುಲಿದರೆ ಹಳೆಯ ಹೊದಿಕೆಯ ಶಾಯಿ ಕೈಗೆ ಬರುತ್ತದೆ. ನೇರಳಾತೀತ ದೀಪದ ಪೆಟ್ಟಿಗೆ ಮಾರಲು ಯಾರಾದರೂ ಬಂದರೆ ನಯವಾಗಿ ಕಳುಹಿಸಿಬಿಡಿ. ಬೆಳಕು ಬೀಳುವುದು ಮೇಲುಹೊದಿಕೆಗೆ ಮಾತ್ರ, ಒಳಗಿನ ಇನ್ನೂರು ಪುಟಗಳಿಗೆ ಅಲ್ಲ.

ಕಳೆದ ಬಾರಿ ತಿಂಗಳುಗಟ್ಟಲೆ ಮುಚ್ಚಿ ತೆರೆದಾಗ ಏನಾಗಿತ್ತೆಂದು ಸಮಿತಿಯವರಿಗೆ ನೆನಪಿರಬಹುದು. ಉತ್ತರದ ಗೋಡೆಗೆ ತಾಗಿದ ರ‍್ಯಾಕಿನ ಕೆಳಗಿನ ಎರಡು ಸಾಲಿನಲ್ಲಿ ಬಟ್ಟೆಯ ಬೆನ್ನಿನ ಪುಸ್ತಕಗಳ ಮೇಲೆಲ್ಲ ಬೂದುಬಣ್ಣದ ಬೂಸ್ಟು ಎದ್ದಿತ್ತು. ಮೂಲೆಯಲ್ಲಿ ಒಂದು ಕಟ್ಟು ಹೊರತೆಗೆದರೆ ಮುಂಭಾಗ ಪುಸ್ತಕ, ಹಿಂಭಾಗ ಗೆದ್ದಲ ಮಣ್ಣು. ವೈರಸ್ ಪುಸ್ತಕಕ್ಕೆ ಏನೂ ಮಾಡುವುದಿಲ್ಲ ಸ್ವಾಮಿ, ಬೀಗ ಮಾಡುತ್ತದೆ.

ತೆರೆಯುವ ಒಂದು ವಾರ ಮೊದಲೇ ಬಾಗಿಲು ತೆಗೆಯಿರಿ. ಬೂಸ್ಟು ಹಿಡಿದವನ್ನು ಒಳಗೆ ಕೊಡವಬೇಡಿ, ಪಡಸಾಲೆಗೆ ತಂದು ಒಣ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ. ನೆರಳಿನಲ್ಲಿ ಗಾಳಿಯಾಡಲಿ, ಉರಿಬಿಸಿಲಿಗೆ ಇಡಬೇಡಿ. ಆ ಕೆಲಸಕ್ಕೆ ಮಾಸ್ಕ್ ಕೊರೊನಾ ಇಲ್ಲದಿದ್ದರೂ ಬೇಕು.

ಬೇವಿನಕಟ್ಟೆ · ಜುಲೈ 20

ಬೇವಿನ ಸೊಪ್ಪಿನ ಹೊಗೆ ಹಾಕಿದರೆ ಹೇಗೆ? ನಮ್ಮ ಅಜ್ಜಿ ಕಾಳಿನ ವಾಡೆಗೆ ಹಾಕುತ್ತಿದ್ದರು.

ಹಳೆಯ ಗ್ರಂಥಪಾಲಕ · ಜುಲೈ 20

ಹುಳುವಿಗೆ ಒಣಗಿದ ಬೇವಿನ ಎಲೆ, ನುಸಿಗುಳಿಗೆ ಇಡೋಣ. ಹೊಗೆ ಬೇಡ. ಹದಿನಾಲ್ಕು ಸಾವಿರ ಪುಸ್ತಕಗಳ ನಡುವೆ ಕೆಂಡ ಹಿಡಿದುಕೊಂಡು ಓಡಾಡುವ ಧೈರ್ಯ ನನಗಿಲ್ಲ.

ಜೋಗಿಮಟ್ಟಿ ಗಾಳಿ · ಜುಲೈ 21

ಕರಡನ್ನು ಎರಡು ಸಲ ಓದಿದೆ. ಮುಟ್ಟುವುದರ ಬಗ್ಗೆ ಐದಾರು ನಿಯಮಗಳಿವೆ, ಉಸಿರಾಡುವುದರ ಬಗ್ಗೆ ಮಾಸ್ಕ್ ಮತ್ತು ಕುರ್ಚಿಯ ಅಂತರ ಬಿಟ್ಟರೆ ಒಂದು ಸಾಲೂ ಇಲ್ಲ. ಇದು ಕಳೆದ ವರ್ಷದ ಭಯ, ಈ ವರ್ಷದ ತಿಳಿವಳಿಕೆಯಲ್ಲ.

ಪುಸ್ತಕವನ್ನು ಪ್ರತ್ಯೇಕವಾಗಿಡುವ ಪದ್ಧತಿ ಎಲ್ಲಿಂದ ಬಂತು ನೋಡಿ. ಪ್ಲಾಸ್ಟಿಕ್ ಮತ್ತು ಸ್ಟೀಲಿನ ಮೇಲೆ ವೈರಸ್ 72 ಗಂಟೆಯವರೆಗೆ, ರಟ್ಟಿನ ಮೇಲೆ 24 ಗಂಟೆಯವರೆಗೆ ಉಳಿಯಬಹುದೆಂದು 2020ರ ಮಾರ್ಚ್‌ನಲ್ಲಿ ಪ್ರಯೋಗಾಲಯದ ವರದಿಯೊಂದು ಹೇಳಿತು. ಆಮೇಲೆ ಅಮೆರಿಕದಲ್ಲಿ ಗ್ರಂಥಾಲಯಗಳಿಗಾಗಿಯೇ 'ರೆಲ್ಮ್' ಎಂಬ ಯೋಜನೆ ನಡೆಯಿತು. ಗ್ರಂಥಾಲಯಗಳ ಸಹಕಾರಿ ಸಂಸ್ಥೆಯಾದ ಓಸಿಎಲ್‌ಸಿ ಮತ್ತು ಬ್ಯಾಟೆಲ್ ಪ್ರಯೋಗಾಲಯ ಸೇರಿ ಪುಸ್ತಕದ ಹೊದಿಕೆ, ಒಳಪುಟ, ಪ್ಲಾಸ್ಟಿಕ್ ಕವರ್ ಎಲ್ಲವನ್ನೂ ಪರೀಕ್ಷಿಸಿದವು. ಮೊದಲ ಪರೀಕ್ಷೆಯಲ್ಲಿ ಮೂರು ದಿನಕ್ಕೆ ಏನೂ ಉಳಿದಿರಲಿಲ್ಲ. ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿಟ್ಟು ನೋಡಿದಾಗ ಆರು ದಿನದ ನಂತರವೂ ವೈರಸ್ ಪತ್ತೆಯಾಯಿತು. ನಮ್ಮ ಏಳು ದಿನದ ಲೆಕ್ಕ ಬಹುಶಃ ಅಲ್ಲಿಂದಲೇ ಬಂದಿರಬೇಕು. ಆದರೆ ಅಲ್ಲಿ ವೈರಸ್ ಇದ್ದ ದ್ರವವನ್ನು ತೊಟ್ಟಿಕ್ಕಿಸಿ ಪರೀಕ್ಷಿಸಿದ್ದು. ಪ್ರಯೋಗಾಲಯದಲ್ಲಿ ಪತ್ತೆಯಾಗುವುದು ಒಂದು, ಓದುಗನಿಗೆ ಕಾಯಿಲೆ ಬರುವುದು ಇನ್ನೊಂದು. ಸೋಂಕಿರುವ ಮೇಲ್ಮೈಯನ್ನು ಒಮ್ಮೆ ಮುಟ್ಟಿದರೆ ಕಾಯಿಲೆ ಹತ್ತುವ ಸಾಧ್ಯತೆ ಸಾಮಾನ್ಯವಾಗಿ 10,000ದಲ್ಲಿ 1ಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಈ ಏಪ್ರಿಲ್‌ನಲ್ಲಿ ಹೇಳಿದೆ.

ಇನ್ನು ಗಾಳಿ. ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ ಮೇ 20ರಂದು ಹೊರಡಿಸಿದ ಸೂಚನೆಯ ಪ್ರಕಾರ ಸೋಂಕಿತರ ಬಾಯಿ ಮೂಗಿನ ಹನಿಗಳು ಎರಡು ಮೀಟರ್ ಒಳಗೆ ಬೀಳುತ್ತವೆ, ಸೂಕ್ಷ್ಮ ಕಣಗಳು ಹತ್ತು ಮೀಟರ್‌ವರೆಗೆ ತೇಲಬಲ್ಲವು. ಹತ್ತು ಮೀಟರ್ ಎಂದರೆ ಸುಮಾರು 33 ಅಡಿ. ನಮ್ಮ ಹಾಲ್ 40 ಅಡಿ ಉದ್ದ, 25 ಅಡಿ ಅಗಲ. ಅಂದರೆ ಕುರ್ಚಿಗಳ ನಡುವೆ ಆರಡಿ ಬಿಟ್ಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಒಳಗಿನ ಗಾಳಿ ಹೊರಗೆ ಹೋಗಲೇಬೇಕು.

ಆ ಹಾಲಿಗೆ ಎಂಟು ಕಿಟಕಿಗಳಿವೆ. ತೆರೆಯುವುದು ಎಷ್ಟು? ನನಗೆ ತಿಳಿದಂತೆ ಎರಡು. ಪಶ್ಚಿಮದ ನಾಲ್ಕಕ್ಕೂ ಎಣ್ಣೆಬಣ್ಣ ಬಳಿದು ಚಿಲಕ ಚೌಕಟ್ಟಿಗೆ ಅಂಟಿಕೊಂಡು ಕೂತಿದೆ. ಒಂದಕ್ಕೆ ಪಾರಿವಾಳ ಬರುತ್ತದೆಂದು ಪ್ಲೈವುಡ್ ಬಡಿದಿದ್ದಾರೆ. ಇನ್ನೊಂದರ ಮುಂದೆ ಹಳೆಯ ವಾರಪತ್ರಿಕೆಗಳ ಬೀರು ನಿಂತಿದೆ.

ದುರ್ಗದ ಬಂಡೆ · ಜುಲೈ 21

ಕಿಟಕಿ ಮುಚ್ಚಿದ್ದಕ್ಕೆ ಕಾರಣವಿದೆ ಸರ್. ಊರ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆಯೇ? ಆಷಾಢದಲ್ಲಿ ಪಶ್ಚಿಮದ ಕಿಟಕಿ ತೆರೆದರೆ ಪತ್ರಿಕೆಯ ನಡುಪುಟ ಹಾರಿ ಯಾರದೋ ಮುಖಕ್ಕೆ ಬಡಿಯುತ್ತದೆ. ಧೂಳು ಬೇರೆ. ಸಂಜೆಯ ಹೊತ್ತಿಗೆ ಮೇಜಿನ ಮೇಲೆ ಬೆರಳಿನಲ್ಲಿ ಹೆಸರು ಬರೆಯಬಹುದು.

ಜೋಗಿಮಟ್ಟಿ ಗಾಳಿ · ಜುಲೈ 21

ಬೇರೆ ಊರಿನವರು ಗಾಳಿಗಾಗಿ ಯಂತ್ರ ಕೊಳ್ಳುತ್ತಿದ್ದಾರೆ. ನಮ್ಮಲ್ಲಿ ಪುಕ್ಕಟೆ ಬರುವುದಕ್ಕೆ ಪ್ಲೈವುಡ್ ಬಡಿಯುತ್ತೇವೆ. ಪತ್ರಿಕೆ ಹಾರದಂತೆ ಹಿಡಿಯುವ ಕೋಲುಗಳು ಉಗ್ರಾಣದಲ್ಲಿವೆ. ಧೂಳನ್ನು ಒದ್ದೆ ಬಟ್ಟೆಯಿಂದ ಮೇಜಿಗಷ್ಟೇ ಒರೆಸಿದರಾಯಿತು, ಹೇಗಿದ್ದರೂ ಮೇಜು ಒರೆಸುವುದು ಕರಡಿನಲ್ಲೇ ಇರಬೇಕಾದ ಕೆಲಸ.

ಕಾರ್ಬನ್ ಡೈಆಕ್ಸೈಡ್ ಅಳೆಯುವ ಪುಟ್ಟ ಮಾಪಕವೊಂದನ್ನು ನಮ್ಮ ಪ್ರಯೋಗಾಲಯದಿಂದ ಎರವಲು ತರಬಲ್ಲೆ. ಹೊರಗಿನ ಗಾಳಿಯಲ್ಲಿ ಅದು ಹತ್ತು ಲಕ್ಷಕ್ಕೆ ಸುಮಾರು 420 ಭಾಗದಷ್ಟಿರುತ್ತದೆ. ಒಳಗೆ ಜನ ಕೂತ ಮೇಲೆ 800 ದಾಟಿದರೆ ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆಂದು ಲೆಕ್ಕ. 18 ಜನ ಸಾಕೋ 24 ಜನ ಕೂರಬಹುದೋ ಎಂಬುದನ್ನು ಕುರ್ಚಿ ಎಣಿಸುವ ಬದಲು ಹೀಗೆ ನೋಡಿ ತೀರ್ಮಾನಿಸೋಣ.

ಕಪಾಟಿನ ಮುಂದೆ · ಜುಲೈ 21

ಚೀಟಿಯಲ್ಲಿ ಹೆಸರು ಬರೆದು ಕೊಡಿ ಎಂದರೆ ನಾನು ಏನು ಬರೆಯಲಿ? ಯಾವ ಪುಸ್ತಕ ಬೇಕೆಂದು ಗೊತ್ತಿದ್ದು ವಾಚನಾಲಯಕ್ಕೆ ಬಂದವಳಲ್ಲ ನಾನು. ಒಂದನ್ನು ಹುಡುಕುತ್ತಾ ಪಕ್ಕದ್ದನ್ನು ಎತ್ತಿಕೊಂಡು ಮನೆಗೆ ಹೋಗುವವಳು. ಓದುಗರೇ ಕಪಾಟಿಗೆ ಹೋಗಬೇಕೆಂದು ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ವಾದಿಸಿದ್ದು, ಗ್ರಂಥಾಲಯದ ಐದು ಸೂತ್ರಗಳ ಪುಸ್ತಕ ಬರೆದು 1931ರಲ್ಲಿ ಪ್ರಕಟಿಸಿದ್ದು ನಮ್ಮ ಅಜ್ಜಂದಿರ ಕಾಲದ ಮಾತು. ಅವರ ಜನ್ಮದಿನವಾದ ಆಗಸ್ಟ್ 12ಕ್ಕೆ ಪ್ರತಿ ವರ್ಷ ನಾವು ಅವರ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ. ಈ ಬಾರಿ ಕಪಾಟಿಗೆ ಹಗ್ಗ ಕಟ್ಟಿ ಹಾರ ಹಾಕುವುದೇ?

ಹಳೆಯ ಗ್ರಂಥಪಾಲಕ · ಜುಲೈ 21

ತಾಯಿ, ನಿಮ್ಮ ಮಾತಿಗೆ ನನ್ನ ಸಹಿ ಇದೆ. ಒಂದು ಸಾಲಿನಲ್ಲಿ ಒಬ್ಬರು, ಕೈ ತೊಳೆದುಕೊಂಡು ಬಂದವರು, ಹತ್ತು ನಿಮಿಷ. ಸಾಕು. ಎತ್ತಿ ನೋಡಿ ಬೇಡವೆಂದ ಪುಸ್ತಕವನ್ನು ಮತ್ತೆ ಸಾಲಿಗೆ ತುರುಕದೆ ತಟ್ಟೆಯಲ್ಲಿಡಿ. ಇದನ್ನು ಕೊರೊನಾಕ್ಕಿಂತ ಮೊದಲಿನಿಂದಲೂ ಹೇಳುತ್ತಾ ಬಂದಿದ್ದೇನೆ, ಯಾರೂ ಕೇಳಿರಲಿಲ್ಲ.

ರಾತ್ರಿ ಪಾಳಿ · ಜುಲೈ 22

ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವನು. ನಿಮ್ಮೆಲ್ಲರ ಉತ್ಸಾಹಕ್ಕೆ ತಣ್ಣೀರೆರಚುತ್ತಿದ್ದೇನೆಂದು ಬೇಸರಿಸಬೇಡಿ. ಮೇ ತಿಂಗಳಲ್ಲಿ ಹಾಸಿಗೆಗಾಗಿ ಕಾರಿನಲ್ಲೇ ಕಾದು ಕೂತವರನ್ನು ನೋಡಿದ್ದೇನೆ. ಅವರಲ್ಲಿ ಅನೇಕರಿಗೆ ಸೋಂಕು ತಗುಲಿದ್ದು "ಸ್ವಲ್ಪ ಹೊತ್ತು ಕೂತು ಬಂದೆ" ಎನ್ನುವಂಥ ಜಾಗಗಳಲ್ಲೇ. ಥರ್ಮಲ್ ಸ್ಕ್ಯಾನರ್ ನಂಬಿಕೊಂಡು ತೆರೆಯುವುದಾದರೆ ನನ್ನ ವಿರೋಧವಿದೆ. ರೋಗಲಕ್ಷಣ ಕಾಣುವ ಮೊದಲೇ ಸೋಂಕು ಹರಡುತ್ತದೆ, ಹಣೆಗೆ ಹಿಡಿದ ಯಂತ್ರಕ್ಕೆ ಅದು ಕಾಣುವುದಿಲ್ಲ.

ತೆರೆಯುವುದಕ್ಕೆ ದಿನಾಂಕ ಹಾಕಿದ್ದೀರಿ. ಮತ್ತೆ ಮುಚ್ಚುವುದು ಯಾವಾಗ ಎಂದು ಎಲ್ಲೂ ಬರೆದಿಲ್ಲ. ಪರೀಕ್ಷಿಸಿದ ನೂರರಲ್ಲಿ ಎಷ್ಟು ಮಂದಿಗೆ ಸೋಂಕಿದೆ ಎಂಬ ಪ್ರಮಾಣ ಎರಡು ವಾರ ಶೇ. 5ಕ್ಕಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಕಳೆದ ವರ್ಷವೇ ಹೇಳಿತ್ತು. ಜೂನ್‌ನಲ್ಲಿ ನಮ್ಮ ಪಕ್ಕದ ದಾವಣಗೆರೆ ಸೇರಿ 11 ಜಿಲ್ಲೆಗಳಿಗೆ ಲಾಕ್‌ಡೌನ್‌ನ ಮೊದಲ ಸಡಿಲಿಕೆ ಸಿಗದಿದ್ದದ್ದು ಈ ಪ್ರಮಾಣ ಹೆಚ್ಚಿದ್ದರಿಂದ. ಜಿಲ್ಲೆಯಲ್ಲಿ ಅದು 5 ದಾಟಿದ ದಿನ ಒಳಗೆ ಕೂರುವುದು ಬಂದ್, ಎರವಲು ಮಾತ್ರ ಎಂದು ಈಗಲೇ ಬರೆದಿಡಿ. ಆಗ ಸಭೆ ಕರೆಯುವ, ಹಿರಿಯರ ಮುಲಾಜು ನೋಡುವ ಗೊಡವೆ ಇರುವುದಿಲ್ಲ.

ಇನ್ನೊಂದು ಮಾತು. ಓದುವಾಗ ಮಾಸ್ಕ್ ಹಾಕಿಕೊಂಡವರು ಊಟದ ಡಬ್ಬಿ ಬಿಚ್ಚಿದಾಗ ಎಲ್ಲರೂ ಒಟ್ಟಿಗೆ ತೆಗೆಯುತ್ತಾರೆ. ಹಿಂದಿನ ಚಿಕ್ಕ ಕೋಣೆಯಲ್ಲಿ ನಾಲ್ಕೈದು ಹುಡುಗರು ಸೇರಿ ಉಣ್ಣುವುದನ್ನು ಮೊದಲು ನಿಲ್ಲಿಸಿ.

ಎಸ್‌ಡಿಎ ಅಭ್ಯರ್ಥಿ · ಜುಲೈ 22

ಊಟಕ್ಕೆ ಹೊರಗಿನ ಹೊಂಗೆ ಮರದ ಕಟ್ಟೆಗೆ ಹೋಗುತ್ತೇವೆ ಅಣ್ಣ, ಅದಕ್ಕೆ ಯಾರ ತಕರಾರೂ ಇಲ್ಲ. ಎರಡು ಗಂಟೆಯ ಪಾಳಿ ಮಾಡುತ್ತಾರೆಂಬ ಸುದ್ದಿ ಇದೆ, ಅದು ಮಾತ್ರ ಬೇಡ. ಚೀಟಿ ಪಡೆದು ಕೂತು ಪುಟ ತೆರೆಯುವಷ್ಟರಲ್ಲಿ ಎಬ್ಬಿಸಿದರೆ ಏನು ಓದಿದಂತಾಯಿತು? ಬೆಳಗಿನ ಒಂದು ತಂಡ, ಮಧ್ಯಾಹ್ನದ ಒಂದು ತಂಡ, ನಡುವೆ ಅರ್ಧ ಗಂಟೆ ಹಾಲ್ ಖಾಲಿ ಬಿಟ್ಟು ಎಲ್ಲ ಕಿಟಕಿ ತೆರೆದಿಡಿ.

ದೊಡ್ಡಪೇಟೆ ಸೊಸೆ · ಜುಲೈ 22

ನಮ್ಮ ಮಾವನವರು ನಿಮ್ಮಲ್ಲಿ ಸದಸ್ಯರಾಗಿದ್ದರು. ಬೆಳಿಗ್ಗೆ ಎಂಟಕ್ಕೆ ಬಂದು ಮೂರು ಪತ್ರಿಕೆ ಮುಗಿಸಿ, ಸೊಪ್ಪು ತೆಗೆದುಕೊಂಡು ಮನೆಗೆ ಬರುತ್ತಿದ್ದರು. ಮೇ ತಿಂಗಳಲ್ಲಿ ತೀರಿಕೊಂಡರು. ಅವರ ಕೋಣೆಯಲ್ಲಿ ನಿಮ್ಮ ಮುದ್ರೆ ಇರುವ ಎರಡು ಪುಸ್ತಕಗಳಿವೆ, ಕಾರ್ಡ್ ಸಿಗುತ್ತಿಲ್ಲ. ಮಾರ್ಚ್‌ನಿಂದ ದಂಡ ಎಷ್ಟಾಗಿದೆ ಎಂದು ತಿಳಿಸಿದರೆ ಕಟ್ಟುತ್ತೇವೆ. ಅವರಿಗೆ ಕೊರೊನಾ ಬಂದಿದ್ದರಿಂದ ಪುಸ್ತಕ ವಾಪಸ್ ತೆಗೆದುಕೊಳ್ಳುತ್ತೀರೋ ಇಲ್ಲವೋ ಎಂಬುದೂ ಗೊತ್ತಿಲ್ಲ.

ವಾಚನಾಲಯ ಸಮಿತಿ · ಜುಲೈ 22

ಅಮ್ಮಾ, ಅವರು ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದವರು, ನಮಗೆಲ್ಲ ಗೊತ್ತು. ದಂಡದ ಮಾತೇ ಬೇಡ. ಎರಡು ತಿಂಗಳಾದ ಮೇಲೆ ಆ ಪುಸ್ತಕಗಳಿಂದ ಯಾರಿಗೂ ಭಯವಿಲ್ಲ. ನೀವು ಬರುವುದೂ ಬೇಡ, ನಮ್ಮ ಸಹಾಯಕ ಬಂದು ತೆಗೆದುಕೊಂಡು ಹೋಗುತ್ತಾನೆ. ಮನೆಯಲ್ಲೇ ಇಟ್ಟುಕೊಳ್ಳಬೇಕೆಂದರೆ ಇಟ್ಟುಕೊಳ್ಳಿ, ದಾಖಲೆ ಪುಸ್ತಕದಲ್ಲಿ ನಾವು ಸರಿಪಡಿಸುತ್ತೇವೆ.

2020ರ ಮಾರ್ಚ್‌ನಿಂದ ಈಚಿನ ಎಲ್ಲರ ದಂಡವನ್ನೂ ಮನ್ನಾ ಮಾಡಲು ಭಾನುವಾರ ಸಭೆಯಲ್ಲಿ ಇಡುತ್ತೇವೆ.

ದುರ್ಗದ ಬಂಡೆ · ಜುಲೈ 22

ಇದನ್ನು ಓದಿದ ಮೇಲೆ 65ರ ನಿಯಮದ ಬಗ್ಗೆ ಹೇಳಲೇಬೇಕು. ಸರ್ಕಾರದ ಮಾರ್ಗಸೂಚಿ 65 ದಾಟಿದವರು ಮನೆಯಲ್ಲಿರುವುದು ಒಳ್ಳೆಯದೆಂದು ಸಲಹೆ ಕೊಟ್ಟಿದೆ. ಸಲಹೆಯನ್ನು ನಾವು ಬೀಗ ಮಾಡುವುದು ಬೇಡ. 60 ದಾಟಿದವರಿಗೆ ಲಸಿಕೆ ಶುರುವಾದದ್ದು ಮಾರ್ಚ್ 1ಕ್ಕೆ, ಎರಡೂ ಡೋಸ್ ಮುಗಿಸಿದವರು ಹೆಚ್ಚಾಗಿ ಸಿಗುವುದು ಅವರಲ್ಲೇ. ಪತ್ರಿಕೆ ಓದುವ ಮೇಜನ್ನು ಒಳಗಿನಿಂದ ತೆಗೆದು ಪಡಸಾಲೆಗೆ ಹಾಕಿ. ಬೆಳಿಗ್ಗೆ ಏಳೂವರೆಯಿಂದ ಒಂಬತ್ತರವರೆಗೆ ಹಿರಿಯರದೇ ಹೊತ್ತಾಗಲಿ. ಮನೆಯಲ್ಲಿ ಪತ್ರಿಕೆ ನಿಲ್ಲಿಸಿದವರು ಎಷ್ಟೋ ಮಂದಿ ಇದ್ದಾರೆ, ಕೆಲವರು ಭಯಕ್ಕೆ, ಕೆಲವರು ಖರ್ಚಿಗೆ.

ತೆರಿಗೆದಾರ · ಜುಲೈ 23

ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ಶೇ. 6 ಕಟ್ಟುತ್ತಿದ್ದೇನೆ. ಆ ಹಣದಲ್ಲಿ ಇದೆಲ್ಲ ಆಗಬೇಕಲ್ಲವೇ? ಸದಸ್ಯರಿಂದ ಮತ್ತೆ ಚಂದಾ ಏಕೆ ಕೇಳುತ್ತೀರಿ?

ಹಳೆಯ ಗ್ರಂಥಪಾಲಕ · ಜುಲೈ 23

ಆ ಕರ 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಸರ್ಕಾರಿ ಸಾರ್ವಜನಿಕ ಗ್ರಂಥಾಲಯಗಳಿಗೆ ಹೋಗಬೇಕಾದದ್ದು. ನಮ್ಮದು ಬಡಾವಣೆಯವರು ಸೇರಿ ನಡೆಸುವ ಸಂಸ್ಥೆ, ಒಂದು ಪೈಸೆಯೂ ಬರುವುದಿಲ್ಲ. ಅದು ಬಿಡಿ, ನಿಮಗೆ ಉಪಯೋಗವಾಗುವ ಮಾತು ಹೇಳುತ್ತೇನೆ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯ 2020ರಿಂದ ಇದೆ, ನೋಂದಣಿ ಉಚಿತ. ಮೊಬೈಲ್ ಇದ್ದವರು ಅಲ್ಲಿಯೂ ಓದಬಹುದು. ಹಳ್ಳಿಗಳಲ್ಲಿ ಕಳೆದ ನವೆಂಬರ್‌ನಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಮೂಲಕ 'ಓದುವ ಬೆಳಕು' ನಡೆಯುತ್ತಿದೆ, ಶಾಲೆ ಇಲ್ಲದ ಮಕ್ಕಳ ಕೈಗೆ ಪುಸ್ತಕ ಕೊಡುವ ಕಾರ್ಯಕ್ರಮ. ಪಂಚಾಯಿತಿಯವರು ಮಕ್ಕಳಿಗೆ ಪುಸ್ತಕ ಕೊಡುವ ದಾರಿ ಕಂಡುಕೊಂಡಿರುವಾಗ ನಾವು ಹತ್ತು ವರ್ಷದೊಳಗಿನವರನ್ನು ಪೂರ್ತಿ ಹೊರಗಿಟ್ಟರೆ ಚೆನ್ನಾಗಿ ಕಾಣುವುದಿಲ್ಲ. ಒಳಗೆ ಕೂರಿಸುವುದು ಬೇಡ. ಪಡಸಾಲೆಯಲ್ಲಿ ಒಂದು ಮೇಜಿನ ಮೇಲೆ ಮಕ್ಕಳ ಪುಸ್ತಕ ಹರಡಿಡಿ, ಆರಿಸಿಕೊಂಡು ಹೋಗಲಿ.

ಮೆದೇಹಳ್ಳಿ ರಸ್ತೆ · ಜುಲೈ 23

ಬಾಗಿಲಲ್ಲಿ ಇಡುವ ಹಾಜರಿ ಪುಸ್ತಕದ ಬಗ್ಗೆ ಯಾರೂ ಮಾತನಾಡಿಲ್ಲ. ಹೆಸರು, ಮೊಬೈಲ್ ಸಂಖ್ಯೆ ಬರೆದು ಸಹಿ ಹಾಕಿ ಎನ್ನುತ್ತಾರೆ. ಹಿಂದಿನ ವರ್ಷ ಒಂದು ಅಂಗಡಿಯಲ್ಲಿ ಹೀಗೆ ಬರೆದ ನಂತರ ಗೊತ್ತಿಲ್ಲದವನೊಬ್ಬ ವಾರಗಟ್ಟಲೆ ನನಗೆ ಸಂದೇಶ ಕಳುಹಿಸುತ್ತಿದ್ದ. ನನ್ನ ಹಿಂದೆ ನಿಂತಿದ್ದವನಿಗೆ ನನ್ನ ಸಂಖ್ಯೆ ಓದಲು ಬರುತ್ತಿತ್ತಷ್ಟೇ, ಅಷ್ಟೇ ಸಾಕಾಯಿತು. ಹುಡುಗಿಯರು ವಾಚನಾಲಯಕ್ಕೆ ಬರಬೇಕೆಂದಿದ್ದರೆ ಆ ತೆರೆದ ಪುಸ್ತಕ ಬೇಡ. ಸದಸ್ಯತ್ವದ ಸಂಖ್ಯೆ ಮತ್ತು ಬಂದ ಸಮಯ ಬರೆದ ಚೀಟಿಯನ್ನು ಬೀಗದ ಡಬ್ಬಿಗೆ ಹಾಕುತ್ತೇವೆ. ಯಾರಿಗಾದರೂ ಸೋಂಕು ಬಂದರೆ ಸಮಿತಿಯವರು ತೆಗೆದು ನೋಡಲಿ, 14 ದಿನ ಕಳೆದ ಚೀಟಿಗಳನ್ನು ಸುಟ್ಟುಹಾಕಲಿ.

ರಾತ್ರಿ ಪಾಳಿ · ಜುಲೈ 23

ಇದು ಎಲ್ಲಕ್ಕಿಂತ ಒಳ್ಳೆಯ ಸಲಹೆ. ಸಂಪರ್ಕಿತರನ್ನು ಹುಡುಕಲು ಬೇಕಾಗುವುದು ಸಮಯ ಮತ್ತು ಗುರುತು, ಅಷ್ಟೇ. ಕಿಟಕಿಗಳೆಲ್ಲ ತೆರೆದು, ಶೇ. 5ರ ನಿಯಮ ಬರೆದು ಗೋಡೆಗೆ ಅಂಟಿಸುವುದಾದರೆ ನನ್ನ ವಿರೋಧ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಗಲ್ಲಕ್ಕೆ ಮಾಸ್ಕ್ ಹಾಕಿಕೊಂಡು ಕೂರುವವರನ್ನು ಎಬ್ಬಿಸುವ ಕೆಲಸ ಯಾರದು ಎಂಬುದನ್ನೂ ಬರೆಯಿರಿ. ಸಹಾಯಕನ ಮಾತನ್ನು ನಿವೃತ್ತ ಅಧಿಕಾರಿಗಳು ಕೇಳುವುದಿಲ್ಲ.

ವಾಚನಾಲಯ ಸಮಿತಿ · ಜುಲೈ 25

ಇಂದಿನ ಸಭೆಯ ತೀರ್ಮಾನಗಳು. ಔಷಧಿ ಸಿಂಪಡಣೆ ಇಲ್ಲ. ಎರಡು ಡೋಸ್ ಕಡ್ಡಾಯವಲ್ಲ, ಲಸಿಕೆಗೆ ಅರ್ಹರಾದವರು ಕನಿಷ್ಠ ಒಂದು ಡೋಸ್ ಹಾಕಿಸಿಕೊಂಡಿರಬೇಕು. ಹಿಂದಿರುಗಿಸಿದ ಪುಸ್ತಕ ಒಂದು ರಾತ್ರಿ ಮಾತ್ರ ಪ್ರತ್ಯೇಕ, ಅದೂ ಸಿಬ್ಬಂದಿಯ ಸಮಾಧಾನಕ್ಕೆ. ಕಪಾಟು ತೆರೆದಿರುತ್ತದೆ, ಸಾಲಿಗೊಬ್ಬರು. ಪತ್ರಿಕೆ ಮತ್ತು ಮಕ್ಕಳ ಮೇಜು ಪಡಸಾಲೆಯಲ್ಲಿ, ಹಿರಿಯರಿಗೆ ಏಳೂವರೆಯಿಂದ ಒಂಬತ್ತು. ಓದುವವರಿಗೆ ದಿನಕ್ಕೆ ಎರಡು ತಂಡ, ನಡುವೆ ಅರ್ಧ ಗಂಟೆ ಖಾಲಿ. ಹಾಜರಿ ಪುಸ್ತಕದ ಬದಲು ಚೀಟಿ ಡಬ್ಬಿ. ಶೇ. 5ರ ನಿಯಮ ಅಂಗೀಕಾರವಾಗಿದೆ. ದಂಡ ಮನ್ನಾ. ಮಾಸ್ಕ್ ವಿಚಾರದಲ್ಲಿ ಎಬ್ಬಿಸುವ ಹೊಣೆ ಅಂದಂದಿನ ಸಮಿತಿ ಸದಸ್ಯರದು, ಪಟ್ಟಿ ಹಾಕುತ್ತೇವೆ.

ಕಿಟಕಿಗಳ ಕೆಲಸ ಶನಿವಾರ ಬೆಳಿಗ್ಗೆ ಎಂಟಕ್ಕೆ. ಬಡಗಿಗೆ ಹೇಳಿದ್ದೇವೆ. ಬಣ್ಣ ಕೆರೆಯಲು, ಬೀರು ಸರಿಸಲು ನಾಲ್ಕು ಜನ ಬೇಕು. ಪಾರಿವಾಳಕ್ಕೆ ಬಲೆ ಕಟ್ಟಬೇಕು, ಯಾರ ಬಳಿಯಾದರೂ ಉಳಿದ ಬಲೆ ಇದ್ದರೆ ತನ್ನಿ.

ಎಸ್‌ಡಿಎ ಅಭ್ಯರ್ಥಿ · ಜುಲೈ 25

ನಾನು ಮತ್ತು ನನ್ನ ಇಬ್ಬರು ಗೆಳೆಯರು ಬರುತ್ತೇವೆ. ಗಿರಣಿಯವರ ಏಣಿ ತರುತ್ತೇನೆ.

ದುರ್ಗದ ಬಂಡೆ · ಜುಲೈ 25

ಬಲೆ ನನ್ನಲ್ಲಿದೆ, ಆದರೆ ಹನ್ನೆರಡು ಅಡಿ ಮಾತ್ರ. ಆ ಬೀರಿನೊಳಗಿನ ವಾರಪತ್ರಿಕೆಗಳನ್ನು ಮೊದಲು ಖಾಲಿ ಮಾಡಿಕೊಳ್ಳಿ, ಇಲ್ಲದಿದ್ದರೆ ಎಂಟು ಜನ ಸೇರಿದರೂ ಅದು ಅಲುಗುವುದಿಲ್ಲ.